ಪೆಟ್ಟಿಗೆಯೊಳಗಿನ ಗಿಟಾರು

ಲಂಡನ್ ನಗರದ ಪಶ್ಚಿಮದ ಅಂಚಿನಲ್ಲಿ ಫೆಲ್ಟ್‌ಹ್ಯಾಮ್ ಎಂಬ ಊರು. 1963ನೆಯ ಇಸವಿ. ಅಲ್ಲಿನ ಒಂದು ಸಾಧಾರಣ ಮನೆಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿಗೆ ಎಲೆಕ್ಟ್ರಿಕ್ ಗಿಟಾರಿನ ಹಂಬಲ ಹತ್ತಿತ್ತು. ಅಮೆರಿಕದಿಂದ ಬರುತ್ತಿದ್ದ ಒಳ್ಳೆಯ ಗಿಟಾರುಗಳ ಬೆಲೆಯಾದರೋ ಆ ಮನೆಯ ಸಂಪಾದನೆಗೆ ನಿಲುಕುವಂತಹುದಲ್ಲ. ತಂದೆ ಹೆರಾಲ್ಡ್ ಮೇ ಎಲೆಕ್ಟ್ರಾನಿಕ್ಸ್ ಬಲ್ಲವರು, ಕೈಗೆಲಸದಲ್ಲಿ ಪಳಗಿದವರು. ಕೊಳ್ಳಲಾಗದ್ದನ್ನು ಮಾಡಿಕೊಳ್ಳುವುದೆಂದು ತಂದೆ ಮಗ ಇಬ್ಬರೂ ಕೂಡಿ ನಿಶ್ಚಯಿಸಿದರು.

ಯಾರದೋ ಮನೆಯಿಂದ ಕಿತ್ತುಹಾಕಿದ್ದ ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮಹಾಗನಿ ಮರ ಗಿಟಾರಿನ ಕತ್ತಾಯಿತು. ಅದರಲ್ಲಿ ಹುಳು ಕೊರೆದಿದ್ದ ತೂತುಗಳಿಗೆ ಬೆಂಕಿಕಡ್ಡಿ ತುಂಬಿದರು. ಹಳೆಯ ಮೇಜೊಂದರ ಓಕ್ ಹಲಗೆ ಒಡಲಿಗೆ ಒದಗಿತು. 1928ರ ಪ್ಯಾಂಥರ್ ಮೋಟಾರ್ ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗುಗಳು ತಂತಿಗಳ ಸೆಳೆತಕ್ಕೆ ಎದುರಾಗಿ ನಿಂತವು. ತಾಯಿಯ ಹೊಲಿಗೆ ಪೆಟ್ಟಿಗೆಯಲ್ಲಿದ್ದ ಮುತ್ತಿನಚಿಪ್ಪಿನ ಗುಂಡಿಗಳು ಸ್ವರಸ್ಥಾನವನ್ನು ತೋರಿಸುವ ಬೊಟ್ಟುಗಳಾಗಿ ಕತ್ತಿನ ಮೇಲೆ ಕುಳಿತವು. ಸುಮಾರು ಎರಡು ವರ್ಷ ಬಿಡುವಿನ ವೇಳೆಯೆಲ್ಲ ಈ ಕೆಲಸಕ್ಕೇ ಹೋಯಿತು.

ಆ ಹುಡುಗನೇ ಮುಂದೆ ‘ಕ್ವೀನ್’ ವಾದ್ಯವೃಂದದಿಂದ ಜಗತ್ತಿಗೆಲ್ಲ ಪರಿಚಿತನಾದ ಬ್ರಯನ್ ಮೇ. ‘ರೆಡ್ ಸ್ಪೆಷಲ್’ ಎಂದು ಹೆಸರಾದ ಆ ಗಿಟಾರು ಅರ್ಧ ಶತಮಾನಕ್ಕೂ ಮೀರಿ ಆತನ ಸಂಗಾತಿಯಾಗಿ ಉಳಿದಿದೆ. ತನ್ನ ವಾದ್ಯವನ್ನು ತಾನೇ ಕಟ್ಟಿಕೊಳ್ಳಬೇಕೆಂಬ ಆಸೆ ಹುಟ್ಟಿದ ಮನೆಗಳಲ್ಲೆಲ್ಲ ಈ ಕಥೆ ಒಂದಲ್ಲ ಒಂದು ದಿನ ಪ್ರಸ್ತಾಪಕ್ಕೆ ಬರುವುದುಂಟು.

ಆದರೆ ಎಲ್ಲರ ಮನೆಯಲ್ಲಿಯೂ ಒಬ್ಬ ಹೆರಾಲ್ಡ್ ಮೇ ಇರುವುದಿಲ್ಲ. ಒಳ್ಳೆಯ ಮರವನ್ನು ಗುರುತಿಸುವ ಕಣ್ಣು, ಕೂದಲೆಳೆಯಷ್ಟು ಅಳತೆಗೆ ಕೊಯ್ಯುವ ಕೈ, ಎರಡು ವರ್ಷ ಕಾಯುವ ತಾಳ್ಮೆ ಇವು ಮೂರೂ ಒಂದೇ ಸೂರಿನಡಿ ಸೇರುವುದು ಅಪರೂಪ. ಆ ಕೊರತೆಯನ್ನು ತುಂಬಲೆಂದೇ ಹುಟ್ಟಿಕೊಂಡ ವಸ್ತು ಗಿಟಾರಿನ ಕಿಟ್.

ಕಿಟ್ ಎಂದರೇನು?

ಕಿಟ್ ಎಂದರೆ ಗಿಟಾರಿನ ಬಿಡಿಭಾಗಗಳ ಪೆಟ್ಟಿಗೆ. ಕೆಲವು ಪೆಟ್ಟಿಗೆಗಳಲ್ಲಿ ಕೆಲಸವೆಲ್ಲ ಮುಗಿದೇ ಇರುತ್ತದೆ. ಒಡಲು ಕೊರೆದು, ಕತ್ತಿಗೆ ಮೆಟ್ಟಿಲು ಕೂರಿಸಿ, ವಿದ್ಯುತ್ತಿನ ತಂತಿಗಳಿಗೆ ಮೊದಲೇ ಬೆಸುಗೆ ಹಾಕಿ ಕಳುಹಿಸಿರುತ್ತಾರೆ. ಕೊಂಡವನು ಸ್ಕ್ರೂ ಬಿಗಿದು ಬಣ್ಣ ಬಳಿದರೆ ಸಾಕು. ಇನ್ನು ಕೆಲವು ಪೆಟ್ಟಿಗೆಗಳಲ್ಲಿ ಇರುವುದು ಹೆಚ್ಚುಕಡಿಮೆ ಮರವಷ್ಟೇ: ತೆಳುವಾಗಿ ಸೀಳಿದ ಹಲಗೆಗಳು, ಬಾಗಿಸದ ಪಟ್ಟಿಗಳು, ಕೆತ್ತದ ಕತ್ತಿನ ತುಂಡು. ಈ ಎರಡರ ನಡುವೆ ಹತ್ತಾರು ಮಜಲುಗಳುಂಟು.

ಮೊದಲ ಬಾರಿಗೆ ಕಿಟ್ ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಚಿತ್ರವನ್ನು. ಒಡಲಿನ ಆಕಾರ ತಮಗೆ ಪ್ರಿಯನಾದ ವಾದಕನ ಗಿಟಾರಿನಂತಿದೆಯೇ, ಮುಖದ ಹಲಗೆಯಲ್ಲಿ ಹುಲಿಪಟ್ಟೆಯಂತಹ ಗೆರೆಗಳಿವೆಯೇ ಎಂಬುದರ ಮೇಲೆಯೇ ಅವರ ಆಯ್ಕೆ ನಿಲ್ಲುತ್ತದೆ. ಅದು ತಪ್ಪೆನ್ನುವಂತಿಲ್ಲ, ಚೆಲುವಿಗೆ ಮನಸೋಲುವುದು ಸಹಜವೇ. ಆದರೆ ಪೆಟ್ಟಿಗೆ ಮನೆಗೆ ಬಂದು ಆರು ತಿಂಗಳಾದ ಮೇಲೂ ಅದು ಮಂಚದ ಕೆಳಗೇ ಉಳಿದಿದ್ದರೆ, ಕಾರಣ ಅದರ ಆಕಾರವಾಗಿರುವುದಿಲ್ಲ. ತನ್ನ ಕೈಲಾಗದ ಕೆಲಸವನ್ನು ಕೇಳುವ ಪೆಟ್ಟಿಗೆಯನ್ನು ಆತ ಆರಿಸಿಕೊಂಡಿರುತ್ತಾನೆ. ಇಲ್ಲವೆ ಅದರಲ್ಲಿ ಮಾಡಲು ಕೆಲಸವೇ ಇಲ್ಲದೆ, ಒಂದು ಸಂಜೆಯಲ್ಲಿ ಜೋಡಿಸಿ ಮುಗಿಸಿ, ತಾನು ಏನನ್ನೂ ಕಲಿಯಲಿಲ್ಲವೆಂದು ಬೇಸರಗೊಂಡಿರುತ್ತಾನೆ.

ಆದುದರಿಂದ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಯಾವ ಕೆಲಸವನ್ನು ಕಾರ್ಖಾನೆಗೆ ಬಿಡಬೇಕು, ಯಾವುದನ್ನು ಕೈಗೆ ಉಳಿಸಿಕೊಳ್ಳಬೇಕು? ಉಳಿದ ಪ್ರಶ್ನೆಗಳೆಲ್ಲ ಇದರ ಹಿಂದೆ ಬರುತ್ತವೆ.

ಲೆಕ್ಕ ತಪ್ಪಬಾರದ ಭಾಗ

ವೀಣೆಯನ್ನು ಹತ್ತಿರದಿಂದ ಕಂಡವರಿಗೆ ಗಿಟಾರಿನ ರಚನೆ ಅಪರಿಚಿತವಲ್ಲ. ಬಿರಡೆ, ತಂತಿ, ಕುದುರೆ, ಮೆಟ್ಟಿಲು ಇವೆಲ್ಲ ಎರಡರಲ್ಲಿಯೂ ಉಂಟು. ಮುಖ್ಯವಾದ ಭೇದ ಮೆಟ್ಟಿಲುಗಳಲ್ಲಿದೆ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುತ್ತವೆ. ಕುಶಲನಾದ ಕೆಲಸಗಾರ ಮೇಣವನ್ನು ಹದಮಾಡಿ, ತಂತಿ ಮೀಟಿ, ಕಿವಿಯಿಂದ ಕೇಳುತ್ತ ಒಂದೊಂದನ್ನೇ ಅದರ ಸ್ಥಾನಕ್ಕೆ ತರುತ್ತಾನೆ. ಕಾಲಕ್ರಮದಲ್ಲಿ ಮೇಣ ಸಡಿಲಿದರೆ ಮತ್ತೆ ಕೂರಿಸಬಹುದು. ಗಿಟಾರಿನಲ್ಲಿ ಆ ಅನುಕೂಲವಿಲ್ಲ. ಅದರ ಮೆಟ್ಟಿಲು ಲೋಹದ ಸಣ್ಣ ಪಟ್ಟಿ. ಮರದಲ್ಲಿ ಗರಗಸದಿಂದ ಕೊರೆದ ಸೀಳಿಗೆ ಅದನ್ನು ಬಡಿದು ಕೂರಿಸುತ್ತಾರೆ. ಸೀಳು ತಪ್ಪಿದರೆ ಸ್ವರವೂ ತಪ್ಪಿತು.

ಈ ಸೀಳುಗಳ ಸ್ಥಾನ ಕಿವಿಯಿಂದಲ್ಲ, ಗಣಿತದಿಂದ ನಿಶ್ಚಯವಾಗುತ್ತದೆ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ, ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಹೋಗುವಾಗ ತಂತಿಯ ಉದ್ದ ಪ್ರತಿಸಲವೂ ಒಂದೇ ಪ್ರಮಾಣದಲ್ಲಿ ತಗ್ಗಬೇಕು. ಉಳಿದ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ದೂರ ದೊರೆಯುತ್ತದೆ. ತಂತಿಯ ಉದ್ದ 648 ಮಿಲಿಮೀಟರ್ ಇದ್ದರೆ ಮೊದಲ ಮೆಟ್ಟಿಲು 36.37 ಮಿಲಿಮೀಟರಿನಲ್ಲಿ ಬರುತ್ತದೆ. ಅಲ್ಲಿಂದ ಎರಡನೆಯದು 34.33 ಮಿಲಿಮೀಟರ್ ಆಚೆ. ಹೀಗೆ ಕಿರಿದಾಗುತ್ತ ಹೋಗಿ ಹನ್ನೆರಡನೆಯ ಮೆಟ್ಟಿಲು 324ರಲ್ಲಿ, ಎಂದರೆ ಸರಿಯಾಗಿ ಅರ್ಧದಲ್ಲಿ ನಿಲ್ಲುತ್ತದೆ. ಅಲ್ಲಿ ತಾರಸ್ಥಾಯಿಯ ಷಡ್ಜ.

ಇಪ್ಪತ್ತಕ್ಕೂ ಹೆಚ್ಚು ಸೀಳುಗಳನ್ನು ಮನೆಯ ಮೇಜಿನ ಮೇಲೆ ಈ ಅಳತೆಗೆ ಕೊರೆಯುವುದು ಹೊಸಬನ ಕೆಲಸವಲ್ಲ. ಮೊದಲ ಕಿಟ್ಟಿನಲ್ಲಿ ಈ ಭಾಗವನ್ನು ಕಾರ್ಖಾನೆಗೇ ಬಿಟ್ಟುಬಿಡುವುದು ಜಾಣತನ. ಸೀಳು ಕೊರೆದ, ಸಾಧ್ಯವಾದರೆ ಮೆಟ್ಟಿಲನ್ನೂ ಕೂರಿಸಿದ ಕತ್ತಿರುವ ಕಿಟ್ಟನ್ನೇ ಆರಿಸಬೇಕು. ಜೊತೆಗೆ ಕತ್ತಿನೊಳಗೆ ‘ಟ್ರಸ್ ರಾಡ್’ ಎಂಬ ಉಕ್ಕಿನ ಸರಳು ಇದೆಯೇ ಎಂದು ವಿಚಾರಿಸಬೇಕು. ತಂತಿಗಳ ಸೆಳೆತಕ್ಕೆ ಕತ್ತು ಬಿಲ್ಲಿನಂತೆ ಬಾಗದಿರಲೆಂದು ಗಿಬ್ಸನ್ ಕಂಪನಿ 1920ರ ದಶಕದಲ್ಲಿ ಬಳಕೆಗೆ ತಂದ ಉಪಾಯವಿದು. ಸರಳಿನ ತುದಿಯ ನಟ್ಟನ್ನು ತಿರುಗಿಸಿದರೆ ಕತ್ತಿನ ಬಾಗು ಹದಕ್ಕೆ ಬರುತ್ತದೆ. ಉಕ್ಕಿನ ತಂತಿ ಬಿಗಿಯುವ ಗಿಟಾರಿಗೆ ಇದಿಲ್ಲದಿದ್ದರೆ ಮುಂದೆ ಪಶ್ಚಾತ್ತಾಪ ಪಡಬೇಕಾಗುತ್ತದೆ.

ಇಷ್ಟಾದರೂ ಒಂದು ಅಳತೆ ಕಟ್ಟುವವನ ಕೈಯಲ್ಲೇ ಉಳಿಯಬಹುದು. ಕುದುರೆ ಎಲ್ಲಿ ನಿಲ್ಲಬೇಕು? ಒಡಲಿನ ಮೇಲೆ ಮೊದಲೇ ತೂತು ಕೊರೆದಿರದಿದ್ದರೆ, ಅದನ್ನು ಹನ್ನೆರಡನೆಯ ಮೆಟ್ಟಿಲಿನಿಂದ ಅಳೆದು ಗುರುತು ಮಾಡಬೇಕು. ತಂತಿಯನ್ನು ಒತ್ತಿದಾಗ ಅದು ಸ್ವಲ್ಪ ಎಳೆದಂತಾಗಿ ಸ್ವರ ಏರುವುದರಿಂದ, ಕುದುರೆಯನ್ನು ಲೆಕ್ಕದ ಸ್ಥಾನಕ್ಕಿಂತ ತುಸು ಹಿಂದಕ್ಕೆ, ದಪ್ಪ ತಂತಿಗಳ ಕಡೆಗೆ ಇನ್ನೂ ತುಸು ಹಿಂದಕ್ಕೆ ಸರಿಸುವುದು ವಾಡಿಕೆ. ಎಲೆಕ್ಟ್ರಿಕ್ ಗಿಟಾರಿನ ಕುದುರೆಯಲ್ಲಿ ಪ್ರತಿ ತಂತಿಗೂ ಪ್ರತ್ಯೇಕ ಸ್ಕ್ರೂ ಇದ್ದು ಅದನ್ನು ಬೇಕಾದಾಗ ಸರಿಪಡಿಸಬಹುದು. ಹೊಸಬನಿಗೆ ಎಲೆಕ್ಟ್ರಿಕ್ ಕಿಟ್ಟೇ ಲೇಸೆನ್ನುವುದಕ್ಕೆ ಇದೂ ಒಂದು ಕಾರಣ.

ಕತ್ತು ಒಡಲಿಗೆ ಸೇರುವ ಬಗೆ

ಎರಡನೆಯದಾಗಿ ನೋಡಬೇಕಾದದ್ದು ಕತ್ತು ಮತ್ತು ಒಡಲು ಕೂಡುವ ಸಂದು. ಇಲ್ಲಿ ಎರಡು ಸಂಪ್ರದಾಯಗಳಿವೆ.

ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದ ಲಿಯೋ ಫೆಂಡರನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಆದರೆ ಕೆಟ್ಟುಹೋದ ವಸ್ತುವನ್ನು ಸುಲಭವಾಗಿ ಸರಿಪಡಿಸುವಂತಿರಬೇಕೆಂಬುದು ಆತನಿಗೆ ವೃತ್ತಿಯೇ ಕಲಿಸಿದ್ದ ಪಾಠ. 1950ರಲ್ಲಿ ಆತ ಮಾರಾಟಕ್ಕೆ ತಂದ, ಮರುವರ್ಷ ‘ಟೆಲಿಕ್ಯಾಸ್ಟರ್’ ಎಂಬ ಹೆಸರು ಪಡೆದ ಗಟ್ಟಿ ಒಡಲಿನ ಗಿಟಾರಿನಲ್ಲಿ ಕತ್ತನ್ನು ಒಡಲಿಗೆ ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದಿತು. ಕತ್ತು ಹಾಳಾದರೆ ಬಿಚ್ಚಿ ಬೇರೊಂದನ್ನು ಹಾಕಬಹುದು. ಸಂದು ಸರಿಬರಲಿಲ್ಲವೇ? ಬಿಚ್ಚಿ, ನೋಡಿ, ಮತ್ತೆ ಬಿಗಿಯಬಹುದು. ಕಾರ್ಖಾನೆಯ ಸೌಕರ್ಯಕ್ಕೆಂದು ಹುಟ್ಟಿದ ಈ ಸಂದು ಮನೆಯಲ್ಲಿ ಕಟ್ಟುವವರ ಪಾಲಿಗೆ ದೊಡ್ಡ ಉಪಕಾರವಾಯಿತು.

ಇನ್ನೊಂದು ಸಂಪ್ರದಾಯ ಅಂಟಿನದು. 1952ರಲ್ಲಿ ಗಿಬ್ಸನ್ ಕಂಪನಿ ಹೊರತಂದ ‘ಲೆಸ್ ಪಾಲ್’ ಗಿಟಾರಿನಲ್ಲಿ ಕತ್ತಿನ ತುದಿಯನ್ನು ಒಡಲಿನ ಕುಳಿಗೆ ಇಳಿಸಿ ಅಂಟು ಹಾಕಿ ಸೇರಿಸುತ್ತಾರೆ. ನೋಟಕ್ಕೆ ಅದು ಸೊಗಸು. ಆದರೆ ಕುದುರೆಯ ಎತ್ತರಕ್ಕೆ ತಕ್ಕಂತೆ ಕತ್ತು ಕೆಲವು ಅಂಶಗಳಷ್ಟು ಹಿಂದಕ್ಕೆ ವಾಲಿರಬೇಕು. ಆ ಓರೆ ಕೊಂಚ ತಪ್ಪಿದರೂ ತಂತಿಗಳು ಬೆರಳಿಗೆ ಎಟುಕದಷ್ಟು ಮೇಲಕ್ಕೆ ಹೋಗುತ್ತವೆ, ಇಲ್ಲವೆ ಮೆಟ್ಟಿಲಿಗೆ ತಗುಲಿ ಗರಗರ ಸದ್ದು ಮಾಡುತ್ತವೆ. ಅಂಟು ಒಣಗಿದ ಮೇಲೆ ತಿದ್ದುವುದು ಕಷ್ಟ.

ಮೊದಲ ಗಿಟಾರಿಗೆ ಸ್ಕ್ರೂವಿನ ಸಂದು, ಎರಡನೆಯದಕ್ಕೆ ಬೇಕಾದರೆ ಅಂಟಿನ ಸಂದು ಎಂಬ ಕ್ರಮವನ್ನು ಅನುಸರಿಸಿದವರಿಗೆ ನಷ್ಟವಿಲ್ಲ. ಯಾವ ಬಗೆಯದಾದರೂ ಪೆಟ್ಟಿಗೆ ಬಂದ ದಿನವೇ ಮಾಡಬೇಕಾದ ಒಂದು ಪರೀಕ್ಷೆಯುಂಟು. ಅಂಟು, ಬಣ್ಣ ಯಾವುದನ್ನೂ ಮುಟ್ಟದೆ ಕತ್ತನ್ನು ಒಡಲಿನ ಕುಳಿಗೆ ಹಾಗೆಯೇ ಇಳಿಸಿ ನೋಡಬೇಕು. ಕೈಬಿಟ್ಟರೂ ಅಲುಗದೆ ಕುಳಿತಿರಬೇಕು. ಅನಂತರ ಕತ್ತಿನ ತುದಿಯಿಂದ ಕುದುರೆಯವರೆಗೆ ಎರಡು ಅಂಚಿನ ತಂತಿಗಳ ಜಾಗದಲ್ಲಿ ಎರಡು ದಾರಗಳನ್ನು ಬಿಗಿಯಾಗಿ ಹಿಡಿಯಬೇಕು. ಎರಡೂ ದಾರಗಳು ಬೆರಳುಹಲಗೆಯ ಅಂಚಿನಿಂದ ಸಮದೂರದಲ್ಲಿ ಸಾಗಿದರೆ ಸಂದು ನೇರವಾಗಿದೆ ಎಂದರ್ಥ. ಒಂದು ದಾರ ಅಂಚನ್ನು ದಾಟಿ ಹೋದರೆ, ಬಣ್ಣ ಬಳಿಯುವ ಮೊದಲೇ ಪೆಟ್ಟಿಗೆಯನ್ನು ಮಾರಿದವರಿಗೆ ಹಿಂತಿರುಗಿಸುವುದು ಕ್ಷೇಮ. ಮರಕ್ಕೆ ಉಳಿ ತಾಗಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ವ್ಯಾಪಾರಿ ವಿರಳ.

ಪೊಳ್ಳು ಒಡಲಿನ ಗಿಟಾರು

ವಿದ್ಯುತ್ತಿನ ಹಂಗಿಲ್ಲದ, ಒಡಲು ಪೊಳ್ಳಾಗಿರುವ ಅಕೂಸ್ಟಿಕ್ ಗಿಟಾರಿನ ಮೇಲೆಯೇ ಹಲವರ ಮನಸ್ಸು. ಅದನ್ನು ಕಟ್ಟುವ ಕೆಲಸ ಹೆಚ್ಚು ದೀರ್ಘವಾದದ್ದು; ಗಟ್ಟಿ ಒಡಲಿನ ಕಿಟ್ ಕೆಲವು ವಾರಗಳಲ್ಲಿ ಮುಗಿದರೆ ಇದು ತಿಂಗಳುಗಟ್ಟಲೆ ಹಿಡಿಯಬಹುದು.

ಗಟ್ಟಿ ಒಡಲಿನ ಗಿಟಾರಿನಲ್ಲಿ ಧ್ವನಿಯನ್ನು ‘ಪಿಕಪ್’ ಎಂಬ ಅಯಸ್ಕಾಂತದ ಸುರುಳಿ ಹಿಡಿಯುತ್ತದೆ. ಇಲ್ಲಿ ಆ ಕೆಲಸವೆಲ್ಲ ಎರಡು ಮೂರು ಮಿಲಿಮೀಟರ್ ದಪ್ಪದ ಮುಖದ ಹಲಗೆಯದು. ಸಾಮಾನ್ಯವಾಗಿ ಅದು ಸ್ಪ್ರೂಸ್ ಅಥವಾ ಸೀಡರ್ ಮರ. ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಒಟ್ಟು ಸೆಳೆತ ಸುಮಾರು 70 ಕಿಲೋಗ್ರಾಂ ತೂಕಕ್ಕೆ ಸಮ. ಒಬ್ಬ ವಯಸ್ಕ ಮನುಷ್ಯ ಆ ತೆಳು ಹಲಗೆಗೆ ಜೋತುಬಿದ್ದಂತೆ. ನೈಲಾನ್ ತಂತಿಯ ಗಿಟಾರಿನಲ್ಲಿ ಅದು ಹೆಚ್ಚುಕಡಿಮೆ ಇದರ ಅರ್ಧದಷ್ಟೇ. ಈ ಭಾರವನ್ನು ತಡೆಯಬೇಕು, ಆದರೆ ಹಲಗೆಯ ಕಂಪನವನ್ನು ತಡೆಯಬಾರದು. ಆ ಸಮತೋಲನಕ್ಕಾಗಿ ಹಲಗೆಯ ಒಳಮೈಗೆ ತೆಳುವಾದ ಕಡ್ಡಿಗಳನ್ನು ಅಂಟಿಸುತ್ತಾರೆ. ಸ್ಪೇನ್ ದೇಶದ ಆಂಟೋನಿಯೋ ಡಿ ಟೊರೆಸ್ ಅವನ್ನು ಬೀಸಣಿಗೆಯ ಎಲೆಗಳಂತೆ ಜೋಡಿಸುವ ಕ್ರಮವನ್ನು ನೆಲೆಗೊಳಿಸಿದ. ಅಮೆರಿಕದ ಮಾರ್ಟಿನ್ ಕಂಪನಿಯ ಉಕ್ಕಿನ ತಂತಿಯ ಗಿಟಾರುಗಳಲ್ಲಿ ಅವು ಕತ್ತರಿಯಾಕಾರದಲ್ಲಿ ಒಂದನ್ನೊಂದು ದಾಟುತ್ತವೆ.

ಮುಖದ ಹಲಗೆಯ ಮಹತ್ವವನ್ನು ತೋರಿಸಲು ಟೊರೆಸ್ 1862ರಲ್ಲಿ ಒಂದು ಸಾಹಸ ಮಾಡಿದ. ಗಿಟಾರಿನ ಬೆನ್ನನ್ನೂ ಪಕ್ಕಗಳನ್ನೂ ಮರದ ಬದಲು ಕಾಗದದ ರಟ್ಟಿನಿಂದ ಮಾಡಿ, ಮುಖಕ್ಕೆ ಮಾತ್ರ ಒಳ್ಳೆಯ ಮರವನ್ನು ಇರಿಸಿದ. ಆ ರಟ್ಟಿನ ಗಿಟಾರು ಇಂದು ಬಾರ್ಸಿಲೋನ ನಗರದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಕಿಟ್ ಕೊಳ್ಳುವವರಿಗೆ ಇದರಲ್ಲಿ ನೇರವಾದ ಪಾಠವಿದೆ: ಹಣ ಮಿತವಾಗಿದ್ದರೆ ಬೆನ್ನಿನ ಅಂದಕ್ಕಿಂತ ಮುಖದ ಹಲಗೆಗೆ ಹೆಚ್ಚು ಕೊಡಬೇಕು. ಅದು ಪದರಗಳನ್ನು ಅಂಟಿಸಿದ ಪ್ಲೈವುಡ್ ಆಗಿರದೆ ಒಂದೇ ಮರವನ್ನು ಸೀಳಿದ ಹಲಗೆಯಾಗಿರಬೇಕು. ಎಳೆಗಳು ಒತ್ತಾಗಿ ನೇರವಾಗಿ ಸಾಗಿರಬೇಕು.

ಪಕ್ಕದ ಪಟ್ಟಿಗಳನ್ನು ಬಾಗಿಸುವುದು ಮಾತ್ರ ಅನುಭವ ಬೇಡುವ ಕೆಲಸ. ನೀರು ಮತ್ತು ಕಾವಿನಿಂದ ಮರವನ್ನು ಮೆತ್ತಗೆ ಮಾಡಿ, ಸೊಂಟದ ಬಳಿ ಒಳಕ್ಕೂ ಕೆಳಗೆ ಹೊರಕ್ಕೂ ತಿರುಗಿಸುವಾಗ ಒಂದು ಕ್ಷಣದ ಅವಸರಕ್ಕೆ ಪಟ್ಟಿ ಸಿಡಿಯುತ್ತದೆ. ಮೊದಲ ಬಾರಿಗೆ ಬಾಗಿಸಿದ ಪಟ್ಟಿಗಳೇ ಇರುವ ಕಿಟ್ ಸಾಕು. ಒಳಗಿನ ಕಡ್ಡಿಗಳನ್ನು ಕೆತ್ತುವ ಕೆಲಸವನ್ನಾದರೋ ಉಳಿಸಿಕೊಳ್ಳಬೇಕು. ಕಡ್ಡಿಯನ್ನು ಉಳಿಯಿಂದ ಸ್ವಲ್ಪ ಸ್ವಲ್ಪವೇ ಸವರುತ್ತ, ಹಲಗೆಯನ್ನು ಬೆರಳಿನಿಂದ ತಟ್ಟಿ ಕೇಳುತ್ತ ಹೋದಂತೆ, ಮಂಕಾಗಿದ್ದ ನಾದ ಬಿಡಿಸಿಕೊಳ್ಳುವುದು ಕಿವಿಗೆ ತಿಳಿಯುತ್ತದೆ. ಈ ಪಾಠ ಇನ್ನಾವ ಪುಸ್ತಕದಿಂದಲೂ ದೊರೆಯುವಂತಹುದಲ್ಲ. ಇದೂ ಹೆಚ್ಚಾಯಿತೆನ್ನುವವರು ಉಕುಲೆಲೆ ಕಿಟ್ಟಿನಿಂದ ಮೊದಲು ಮಾಡಬಹುದು. ನಾಲ್ಕೇ ತಂತಿ, ಪುಟ್ಟ ಒಡಲು, ಆದರೆ ಕೆಲಸದ ಕ್ರಮ ಬಹುಮಟ್ಟಿಗೆ ಅದೇ.

ಮಲೆನಾಡಿನ ಬೀಟೆ

ದೂರದ ದೇಶದಲ್ಲಿ ತಯಾರಾದ ಕಿಟ್ಟನ್ನು ಬಿಚ್ಚಿದಾಗ ಕನ್ನಡ ನಾಡಿನ ಮನೆಯಲ್ಲಿ ಒಂದು ಸೋಜಿಗ ಕಾದಿರಬಹುದು. ಕಪ್ಪುನೇರಿಳೆ ಬಣ್ಣದ ಬೆರಳುಹಲಗೆಯೂ ಬೆನ್ನಿನ ಹಲಗೆಯೂ ‘ಇಂಡಿಯನ್ ರೋಸ್‌ವುಡ್’ ಎಂದು ಪಟ್ಟಿಯಲ್ಲಿ ಬರೆದಿರುತ್ತದೆ. ಅದು ಬೇರೇನೂ ಅಲ್ಲ, ಪಶ್ಚಿಮ ಘಟ್ಟದ ಬೀಟೆ. ಮೈಸೂರಿನ ಕುಸುರಿಗಾರರು ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುವುದೂ ಇದೇ ಮರದ ಹಲಗೆಯ ಮೇಲೆ.

ಗಿಟಾರಿನ ಲೋಕಕ್ಕೆ ಬೀಟೆ ದೊಡ್ಡ ಪ್ರಮಾಣದಲ್ಲಿ ಪ್ರವೇಶಿಸಿದ್ದು 1960ರ ದಶಕದ ಕೊನೆಯಲ್ಲಿ. ಅದುವರೆಗೆ ಮಾರ್ಟಿನ್ ಮುಂತಾದ ಕಂಪನಿಗಳು ಬ್ರೆಜಿಲ್ ದೇಶದ ರೋಸ್‌ವುಡ್ಡನ್ನು ಬಳಸುತ್ತಿದ್ದವು. ಬ್ರೆಜಿಲ್ ದಿಮ್ಮಿಗಳ ರಫ್ತನ್ನು ತಡೆದಾಗ ಅವರ ಕಣ್ಣು ಭಾರತದ ಕಡೆ ತಿರುಗಿತು. ಬ್ರೆಜಿಲ್ಲಿನ ಆ ಮರ ಅಳಿವಿನಂಚಿಗೆ ಬಂದುದರಿಂದ 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಲಾಯಿತು. 2017ರ ಜನವರಿಯಿಂದ ಬೀಟೆಯೂ ಸೇರಿದಂತೆ ಆ ಕುಲದ ಎಲ್ಲ ಮರಗಳ ಸಾಗಾಟಕ್ಕೆ ಅನುಮತಿಪತ್ರ ಬೇಕೆಂಬ ನಿಯಮ ಬಂದಿತು. ಸಿದ್ಧವಾದ ಸಂಗೀತವಾದ್ಯಗಳಿಗೂ ಅವುಗಳ ಸಿದ್ಧ ಬಿಡಿಭಾಗಗಳಿಗೂ 2019ರ ನವೆಂಬರಿನಲ್ಲಿ ವಿನಾಯಿತಿ ದೊರೆಯಿತಾದರೂ, ಕೆತ್ತದ ಹಲಗೆಗಳಿಗೆ ನಿಯಮ ಹಾಗೆಯೇ ಉಳಿಯಿತು. ಆದುದರಿಂದ ಹೊರದೇಶದಿಂದ ಮರದ ಹಲಗೆಗಳೇ ಹೆಚ್ಚಾಗಿರುವ ಕಿಟ್ ತರಿಸುವವರು ಕಾಗದಪತ್ರಗಳ ವಿಷಯವನ್ನು ಮಾರುವವರಿಂದ ಮೊದಲೇ ತಿಳಿದುಕೊಳ್ಳಬೇಕು.

ಬೀಟೆಯೂ ಇಂದು ಅಪಾಯಕ್ಕೊಳಗಾಗಬಹುದಾದ ಮರಗಳ ಪಟ್ಟಿಯಲ್ಲಿದೆ. ಒಂದು ಬೀಟೆ ಹಲಗೆಯಾಗುವಷ್ಟು ಬಲಿಯಲು ಹಲವು ದಶಕಗಳು ಬೇಕು. ಕಲಿಕೆಯ ಮೊದಲ ಗಿಟಾರಿಗೆ ಮಹಾಗನಿ, ಮೇಪಲ್ ಮುಂತಾದ ಬೇರೆ ಮರ ಆಗಬಹುದು. ಕೈ ಪಳಗಿದ ಮೇಲೆ ಬೀಟೆಯನ್ನು ಮುಟ್ಟಿದರೆ ಆ ಮರಕ್ಕೆ ತಕ್ಕ ಗೌರವ ಸಂದಂತಾಗುತ್ತದೆ.

ಪೆಟ್ಟಿಗೆ ತೆರೆದ ಮೇಲೆ

ಕಿಟ್ಟಿನ ಬೆಲೆಯನ್ನು ನೋಡುವಾಗ ಅದರೊಳಗಿಲ್ಲದ ವಸ್ತುಗಳ ಲೆಕ್ಕವನ್ನೂ ಹಾಕಬೇಕು. ಗಟ್ಟಿ ಒಡಲಿನ ಗಿಟಾರಿಗಾದರೆ ಸ್ಕ್ರೂ ತಿರುಗಿಸುವ ಸಾಧನ, ಸಣ್ಣ ಬೈರಿಗೆ, ಬೆಸುಗೆಯ ಕಡ್ಡಿ, ಅರ, ಉಪ್ಪುಕಾಗದ, ಉಕ್ಕಿನ ಅಳತೆಪಟ್ಟಿ ಸಾಕು. ಪೊಳ್ಳು ಒಡಲಿಗೆ ಇವುಗಳ ಜೊತೆಗೆ ಹರಿತವಾದ ಉಳಿಗಳು, ಒಡಲನ್ನು ಹಿಡಿದಿಡುವ ಅಚ್ಚು, ಅಂಟು ಒಣಗುವವರೆಗೆ ಒತ್ತಿ ಹಿಡಿಯುವ ಡಜನ್‌ಗಟ್ಟಲೆ ಕ್ಲಾಂಪುಗಳು ಬೇಕಾಗುತ್ತವೆ. ಕೆಲವು ಸಲ ಈ ಉಪಕರಣಗಳ ಬೆಲೆಯೇ ಕಿಟ್ಟಿನ ಬೆಲೆಯನ್ನು ಮೀರುವುದುಂಟು.

ಇನ್ನು ಹವೆಯ ಮಾತು. ಮರ ತೇವ ಹೀರಿದರೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚು ಬದಲಾಗುವುದಿಲ್ಲ. ಮುಖದ ಹಲಗೆಗೆ ಕಡ್ಡಿಗಳನ್ನು ಅಡ್ಡಲಾಗಿ ಅಂಟಿಸಿರುವುದರಿಂದ ಹಲಗೆ ಕುಗ್ಗಹೋದರೂ ಕಡ್ಡಿ ಬಿಡುವುದಿಲ್ಲ. ಆಗ ಹಲಗೆ ಸೀಳುತ್ತದೆ. ಮಂಗಳೂರಿನಲ್ಲಿ ಆಷಾಢದ ಮಳೆಯ ನಡುವೆ ಅಂಟಿಸಿದ ಗಿಟಾರನ್ನು ಬೇಸಿಗೆಯಲ್ಲಿ ಕಲಬುರಗಿಗೆ ಒಯ್ದರೆ ಆಗುವ ಗತಿ ಇದೇ. ಗಾಳಿಯ ತೇವ ಶೇಕಡ 45ರಿಂದ 50ರ ಸುಮಾರಿನಲ್ಲಿರುವಾಗ ಅಂಟಿನ ಕೆಲಸ ಮಾಡುವುದು ಬಲ್ಲವರ ಪದ್ಧತಿ. ತೇವವನ್ನು ತೋರಿಸುವ ಒಂದು ಸಣ್ಣ ಮಾಪಕವನ್ನು ಕೋಣೆಯಲ್ಲಿ ತೂಗುಹಾಕಿದರೆ ಸಾಕು. ಕರಾವಳಿಯವರು ಮಳೆಗಾಲದಲ್ಲಿ ಕತ್ತನ್ನು ಕೆತ್ತುವುದು, ನುಣುಪು ಮಾಡುವುದು ಮುಂತಾದವನ್ನು ಮಾಡಿಕೊಂಡು, ಮುಖದ ಹಲಗೆಯ ಅಂಟನ್ನು ಚಳಿಗಾಲಕ್ಕೆ ಕಾದಿರಿಸಬಹುದು.

ಬಣ್ಣ ಬಳಿಯುವಾಗ ಹೊಸಬರು ಮಾಡುವ ಸಾಮಾನ್ಯ ತಪ್ಪು ಅವಸರ. ಅಂಟಿನ ಕಲೆ ಉಳಿದ ಕಡೆ ಮರ ಬಣ್ಣವನ್ನು ಹೀರದೆ ಬಿಳಿಯ ಮಚ್ಚೆ ಬೀಳುತ್ತದೆ. ಅಗ್ಗದ ಕಿಟ್ಟಿನ ಮುಖಕ್ಕೆ ಅಂಟಿಸಿರುವ ಚೆಲುವಾದ ಮರದ ಪದರ ಕಾಗದದಷ್ಟೇ ತೆಳುವಾಗಿರುವುದರಿಂದ ಉಪ್ಪುಕಾಗದವನ್ನು ಬಲವಾಗಿ ತಿಕ್ಕಿದರೆ ಸವೆದೇಹೋಗುತ್ತದೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಬಟ್ಟೆಯಿಂದ ಒರೆಸುವ ಎಣ್ಣೆಯ ಮೆರುಗು ಸುಲಭ. ಆದರೆ ಅಗಸೆ ಎಣ್ಣೆಯಂತಹ ಒಣಗುವ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ಅದ್ದಿ, ಹೊರಗೆ ಹರಡಿ ಒಣಗಿಸಬೇಕು. ಬೀಟೆಯಂತಹ ಮರದ ಪುಡಿ ಹಲವರಿಗೆ ಒಗ್ಗದು. ಉಜ್ಜುವಾಗ ಮೂಗು ಬಾಯಿಗೆ ಮುಸುಕು ಕಡ್ಡಾಯ.

ಹಳೆಯ ಕಾಲದ ಉತ್ತಮ ಗಿಟಾರುಗಳ ಮೆರುಗು ಅರಗಿನದು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅದೇ ಅರಗು. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ತಿಕ್ಕಾಟದ ಕಾವಿನಿಂದಲೇ ಕರಗಿಸಿ ಹಚ್ಚುತ್ತಾರೆ. ಗಿಟಾರಿಗೆ ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರದ ಮೇಲೆ ಪದರವಾಗಿ ತೀಡುತ್ತಾರೆ. ತೋಳು ನೋಯುವ ಕೆಲಸವಾದರೂ ಮನೆಯಲ್ಲಿಯೇ ಸಾಧ್ಯವಾಗುವಂತಹುದು.

ಲಾಭ ನಷ್ಟ

ಕಿಟ್ಟಿನಿಂದ ಹಣ ಉಳಿಯುವುದೇ ಎಂದು ಗೃಹಿಣಿ ಕೇಳಿದರೆ ನಿಜವನ್ನೇ ಹೇಳಬೇಕು: ಉಳಿಯುವುದಿಲ್ಲ. ಅಗ್ಗದ ಕಿಟ್ಟಿಗೆ ತೆರುವ ಹಣಕ್ಕೆ ಸಾಗಾಟ, ಸುಂಕ, ಉಪಕರಣಗಳ ವೆಚ್ಚವನ್ನು ಸೇರಿಸಿದರೆ ಅಂಗಡಿಯಲ್ಲಿ ಸಿದ್ಧವಾದ ಗಿಟಾರೇ ದೊರೆಯುತ್ತದೆ. ಮೊದಲ ದಿನ ಅದೇ ಚೆನ್ನಾಗಿ ನುಡಿಯಲೂಬಹುದು. ಮಗನಿಗೋ ಮಗಳಿಗೋ ಗಿಟಾರು ನುಡಿಸಲು ಕಲಿಯುವ ಆಸೆಯಷ್ಟೇ ಇದ್ದರೆ ಸಿದ್ಧ ವಾದ್ಯವನ್ನು ಕೊಡಿಸುವುದೇ ಸರಿ. ಕಿಟ್ ಕೊಡುವುದು ಬೇರೆಯದನ್ನು. ತಾನು ಕಟ್ಟಿದ ವಾದ್ಯದಲ್ಲಿ ಒಂದು ಸ್ವರ ಕೆಟ್ಟರೆ ಅದು ಏಕೆ ಕೆಟ್ಟಿತೆಂದು ಆ ಹುಡುಗನಿಗೆ ತಿಳಿಯುತ್ತದೆ. ಅದನ್ನು ಸರಿಪಡಿಸಲು ಆತ ಬೇರೊಬ್ಬರ ಬಾಗಿಲಿಗೆ ಹೋಗಬೇಕಾಗಿಲ್ಲ.

ಫೆಲ್ಟ್‌ಹ್ಯಾಮಿನ ಆ ಮನೆಯ ಕಥೆ ಗಿಟಾರು ಸಿದ್ಧವಾದಲ್ಲಿಗೆ ಮುಗಿಯಲಿಲ್ಲ. ಬ್ರಯನ್ ಮೇ ಭೌತಶಾಸ್ತ್ರ ಓದಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅಂತರಿಕ್ಷದ ಧೂಳಿನ ಬಗ್ಗೆ ಡಾಕ್ಟರೇಟ್ ಸಂಶೋಧನೆಗೆ ತೊಡಗಿದ್ದ. ಸಂಗೀತಕ್ಕಾಗಿ ಅದನ್ನು ನಡುವೆಯೇ ಬಿಟ್ಟಾಗ ತಂದೆಗೆ ಆಘಾತವಾಯಿತು. ಮಗ ಒಳ್ಳೆಯ ವಿದ್ಯೆಯನ್ನು ಕೈಯಾರೆ ಹಾಳುಮಾಡಿಕೊಂಡನೆಂದು ಅವರು ನೊಂದರು. ಇಬ್ಬರ ನಡುವೆ ಬಹುಕಾಲ ಮಾತು ಸರಿಹೋಗಲಿಲ್ಲ. ಮಗನ ಕೈಗೆ ಗಿಟಾರನ್ನು ಕೊಟ್ಟವರೂ ಅವರೇ, ಆ ಗಿಟಾರು ಕರೆದೊಯ್ದ ದಾರಿಯನ್ನು ಒಪ್ಪಲಾರದವರೂ ಅವರೇ. ಕೊನೆಗೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣದಲ್ಲಿ ಕಿಕ್ಕಿರಿದ ಜನಸಮೂಹದ ಮುಂದೆ ಮಗ ನುಡಿಸುವುದನ್ನು ಕಣ್ಣಾರೆ ಕಂಡ ಮೇಲೆ ತಂದೆಯ ಮನಸ್ಸು ತಿಳಿಯಾಯಿತೆಂದು ಬ್ರಯನ್ ಮೇ ಅನೇಕ ಸಲ ನೆನೆದುಕೊಂಡಿದ್ದಾನೆ. ಅರ್ಧಕ್ಕೆ ನಿಂತಿದ್ದ ಸಂಶೋಧನೆಯನ್ನೂ ಆತ ಬಿಡಲಿಲ್ಲ. 2007ರಲ್ಲಿ ಪೂರ್ಣಗೊಳಿಸಿ ಡಾಕ್ಟರೇಟ್ ಪಡೆದ. ಅದನ್ನು ನೋಡಲು ಹೆರಾಲ್ಡ್ ಮೇ ಬದುಕಿರಲಿಲ್ಲ.

ತಂದೆಯೂ ಮಗನೂ ಮಾತು ಬಿಟ್ಟ ದಿನಗಳಲ್ಲಿ ಕೂಡ ಆ ಗಿಟಾರು ಮಗನ ಹೆಗಲ ಮೇಲೆಯೇ ಇದ್ದಿತು. ಅದರ ಕತ್ತಿನಲ್ಲಿ ತಾಯಿಯ ಗುಂಡಿಗಳಿದ್ದವು. ಒಡಲಿನಲ್ಲಿ ತಂದೆ ಕೂಡಿಸಿದ ಸಂದುಗಳಿದ್ದವು.

ಕಿಟ್ಟಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತ ಮನೆಯವರು ಕತ್ತು, ಸಂದು, ಮರ, ಉಪಕರಣ ಎಲ್ಲವನ್ನೂ ವಿಚಾರಿಸಲಿ. ಕೊನೆಯಲ್ಲಿ ಮಾರುವವರು ಉತ್ತರಿಸಲಾರದ ಒಂದು ಪ್ರಶ್ನೆಯನ್ನು ತಮ್ಮತಮ್ಮೊಳಗೇ ಕೇಳಿಕೊಳ್ಳಲಿ: ಭಾನುವಾರದ ಮಧ್ಯಾಹ್ನ ಅಂಟು ಒಣಗುವವರೆಗೆ ಹಲಗೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡು ಕೂರುವವರು ಯಾರು? ಅದಕ್ಕೆ ಉತ್ತರ ಸಿಕ್ಕಿದ ಮನೆಗೆ ಯಾವ ಕಿಟ್ ಬಂದರೂ ಅದು ಮಂಚದ ಕೆಳಗೆ ಉಳಿಯುವುದಿಲ್ಲ.